ಹತ್ತು ನಿಮಿಷ ಮುಂದಿಟ್ಟ ವಾಚು

“ರೀ, ಕಣ್ಣು ಮುಚ್ಚಿಕೊಳ್ರಿ. ಕಿವಿ ಬಿಚ್ಚಿಕೊಳ್ರಿ!” ಎಂದಳು ನೀಲಮ್ಮ.

ಚನ್ನವೀರಪ್ಪ ಎರಡನ್ನೂ ಮಾಡಿದ. ಯಾರೂ ಹೇಳದಿದ್ದರೂ ಎರಡು ಹೆಜ್ಜೆ ಹಿಂದಕ್ಕೂ ಸರಿದ. ಹೆಂಡತಿ ಹೊಸದೇನಾದರೂ ತೋರಿಸುವಾಗ ಹಿಂದಕ್ಕೆ ಸರಿದಿರಬೇಕು ಎಂಬುದು ಅವನಿಗೆ ಅನುಭವದಿಂದ ಬಂದ ಬುದ್ಧಿ. ಹೋದ ವರ್ಷ ಸೈಕಲ್ ಚೈನಿಗೆ ಹೊಲಿಗೆ ಯಂತ್ರದ ಪೆಡಲು ಕೂಡಿಸಿ ಆಕೆ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದಳು. ಅದು ಮೊದಲನೆಯ ರೊಟ್ಟಿಯನ್ನು ಹುಣ್ಣಿಮೆ ಚಂದ್ರನಷ್ಟು ದುಂಡಗೆ ಬಡಿಯಿತು. ಎರಡನೆಯದನ್ನು ಪಕ್ಕದ ಮನೆ ಜೈನಾಬಿಯ ಮಾಳಿಗೆ ಮೇಲೆ ಎಸೆಯಿತು! ಆದರೂ ಆ ಎರಡನೆಯದೂ ದುಂಡಗೇ ಇತ್ತು ಎಂಬ ಮಾತನ್ನು ಚನ್ನವೀರಪ್ಪ ಇವತ್ತಿಗೂ ಬಿಟ್ಟುಕೊಡುವುದಿಲ್ಲ.

ಟಿಕ್. ಟಿಕ್. ಟಿಕ್.

ಸಣ್ಣ ಸದ್ದಲ್ಲ ಅದು. ನಡುಮನೆಯಲ್ಲಿ ಹುಟ್ಟಿ ಅಡುಗೆಮನೆಗೆ ಹೋಗಿ ಹಿತ್ತಲ ಬಾಗಿಲವರೆಗೂ ಕೇಳುವಂಥ ಸದ್ದು. ಚನ್ನವೀರಪ್ಪ ಕಣ್ಣು ಬಿಟ್ಟ. ಹೆಂಡತಿಯ ಅಂಗೈ ಮೇಲೆ ಅವನ ಮದುವೆಯ ವಾಚು ಓಡುತ್ತಿತ್ತು!

“ಅಯ್ಯೋ ಶಿವನೇ!” ಎಂದ. ಎರಡೂ ಕೈ ಚಾಚಿ ವಾಚನ್ನು ಎತ್ತಿಕೊಂಡ.

ಆ ವಾಚಿನ ಕತೆ ಇಷ್ಟು. ಚನ್ನವೀರಪ್ಪನ ಮಾವ ಮುರಿಗೆಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಸೈರನ್ ಊದುವ ಕೆಲಸದಲ್ಲಿದ್ದವನು. ಅವನ ಸೈರನ್ನು ಕೇಳಿ ಊರು ಹಲ್ಲುಜ್ಜುತ್ತಿತ್ತು, ಅವನ ಸೈರನ್ನು ಕೇಳಿ ಊರು ಉಣ್ಣುತ್ತಿತ್ತು. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದರೂ ಮುದುಕನ ತಲೆಯೊಳಗೆ ಆ ಸೈರನ್ನು ಮಾತ್ರ ನಿಂತಿರಲಿಲ್ಲ. ಹಿರಿಮಗಳು ನೀಲಮ್ಮನ ಮದುವೆಯಲ್ಲಿ ಅಳಿಯನ ಕೈಗೆ ವಾಚು ಕಟ್ಟಿ, “ಇದು ತಪ್ಪಬಾರದು, ನೀನೂ ತಪ್ಪಬಾರದು” ಎಂದಿದ್ದ. ಚನ್ನವೀರಪ್ಪ ಹರಿಹರದಲ್ಲಿ ಖಾಸಗಿ ಬಸ್ಸಿನ ಡ್ರೈವರು. ಸ್ಟೇರಿಂಗ್ ಹಿಡಿದ ಕೈಯಲ್ಲಿ ಆ ವಾಚು ಹೊಳೆಯುತ್ತಿದ್ದಾಗ ತಾನು ಬಸ್ಸನ್ನಲ್ಲ, ವಿಮಾನವನ್ನೇ ಓಡಿಸುತ್ತಿದ್ದೇನೆ ಅನ್ನಿಸುತ್ತಿತ್ತು ಅವನಿಗೆ. ಒಂದು ದಿನ ಹೊಳೆಯಲ್ಲಿ ಮುಳುಗು ಹಾಕುವಾಗ ಬಿಚ್ಚಲು ಮರೆತ. ನೀರು ಕುಡಿದ ವಾಚು ನಿಂತಿತು. ಊರಿನ ರಿಪೇರಿಯವರೆಲ್ಲ, “ಇದರ ಸಾಮಾನು ಈಗ ಬರಲ್ಲ” ಎಂದು ಕೈ ಚೆಲ್ಲಿದರು. ಕಾಫಿಪುಡಿ ಡಬ್ಬಿಯೊಳಗೆ ಅದು ಮಲಗಿಬಿಟ್ಟಿತು.

ಈಗ ಮಾವನಿಂದ ಫೋನು ಬಂದಿತ್ತು. “ಭಾನುವಾರ ಮಧ್ಯಾಹ್ನ ಊಟಕ್ಕೆ ಕಿರಿಯ ಅಳಿಯನ್ನೂ ಕರಕೊಂಡು ಬರ್ತೀನಿ. ನಾ ಕೊಟ್ಟ ವಾಚು ನೋಡ್ತೀನಿ. ನಡೆದ್ರೆ ನಿನ್ನ ಕೈಯಾಗ ಇರ್ಲಿ. ನಿಂತಿದ್ರೆ ಕಿರಿಯ ಅಳಿಯಗೆ ಕೊಡ್ತೀನಿ. ಅವನು ಜೋಪಾನ ಮಾಡ್ತಾನ.”

ಕಿರಿಯ ಅಳಿಯ ಅಂದರೆ ನೀಲಮ್ಮನ ತಂಗಿಯ ಗಂಡ, ಪಂಪಾಪತಿ. ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ವಾಚು ಹೋದರೆ ಹೋಗಲಿ ಅನ್ನಬಹುದು. ಷಡ್ಡಕನ ಕೈಗೆ ಹೋಗುವುದೆಂದರೆ! ಚನ್ನವೀರಪ್ಪ ಆ ವಾರವೆಲ್ಲ ಅನ್ನವನ್ನು ಬೆರಳಲ್ಲಿ ಆಡಿಸಿ ಎದ್ದಿದ್ದ.

ಅದನ್ನು ನೋಡಿಯೇ ನೀಲಮ್ಮ ಡಬ್ಬಿ ತೆಗೆದದ್ದು. ಓಣಿಯವರ ಮಿಕ್ಸರು, ಫ್ಯಾನು ಎಲ್ಲ ಆಕೆಯ ಕೈಯಲ್ಲೇ ಬದುಕಿದ್ದವು. ಆದರೆ ವಾಚಿನ ಕೆಲಸ ಬೇರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಟ್ಟರೆ ಹಾರಿಹೋಗುವ ತಿರುಪುಗಳನ್ನು ಚಿಮಟದಲ್ಲಿ ಎತ್ತಿ, ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಭಾಗ ಇಟ್ಟುಕೊಂಡಳು. ಪೆಟ್ರೋಲಿನಲ್ಲಿ ತೊಳೆದಳು. ಸೂಜಿಯ ತುದಿಯಲ್ಲಿ ಎಣ್ಣೆ ಮುಟ್ಟಿಸಿದಳು. ಅಷ್ಟರಲ್ಲಿ ಕೂದಲಿನಂಥ ಸಣ್ಣ ಸ್ಪ್ರಿಂಗು ಚಂಗನೆ ನೆಗೆದು ಮಂಡಕ್ಕಿ ಡಬ್ಬಿಗೆ ಬಿತ್ತು. ಆಮೇಲೆ ಅದು ಸಿಗಲಿಲ್ಲ. ಮಂಡಕ್ಕಿ ಮಾತ್ರ ಸಂಜೆಗೆ ಖಾಲಿಯಾಗಿತ್ತು. ಆ ವಿಷಯವನ್ನು ಗಂಡ ಹೆಂಡತಿ ಇಬ್ಬರೂ ಕೆದಕಲಿಲ್ಲ.

“ಮತ್ತ ಇದಕ್ಕೆ ಸ್ಪ್ರಿಂಗ್ ಎಲ್ಲಿಂದ ತಂದಿ?” ಎಂದು ಕೇಳಿದ ಚನ್ನವೀರಪ್ಪ, ವಾಚನ್ನು ಕೆನ್ನೆಗೆ ಒತ್ತಿಕೊಂಡು.

ನೀಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂಲೆ ತೋರಿಸಿದಳು. ಅಲ್ಲಿ ಹಳೇ ಕುಕ್ಕರೊಂದು ಕೂತಿತ್ತು. ಮೈತುಂಬ ತಾಮ್ರದ ತಂತಿ, ನೆತ್ತಿಯ ಮೇಲೆ ಮಿಕ್ಸರ್ ಮೋಟರು.

“ಕಾಲಸಂಜೀವಿನಿ ಯಂತ್ರ! ನಮ್ಮ ಹಳೇ ರೇಡಿಯೋದಾಗಿನ ಎಳೆ ತಂತಿ ತೆಗೆದು ಸುರುಳಿ ಸುತ್ತಿದೆ. ವಾರ್ತೆಗಿಂತ ಮೊದ್ಲು ಪೀಪ್ ಪೀಪ್ ಅಂತ ಟೈಮ್ ಹೇಳ್ತಿತ್ತಲ್ರೀ? ಅಷ್ಟು ವರ್ಷ ಸರಿಯಾದ ಟೈಮು ಹರಿದ ತಂತಿ ಅದು. ಅದನ್ನ ಇದರಾಗ ಹಾಕಿ ಕೂಗ್ಸಿದೆ. ಬ್ಯಾಳಿಗಾದ್ರೆ ಮೂರು ಸೀಟಿ, ಸ್ಪ್ರಿಂಗಿಗೆ ಏಳು!”

“ನೀಲಾ, ನಿನ್ನ ತಲಿ ತಲಿಯಲ್ಲ ಬಿಡು!”

“ಹೊಗಳಿಕೆ ಆಮೇಲೆ. ಅಪ್ಪ ಬರೋ ಹೊತ್ತಿಗೆ ಹೋಳಿಗೆ ಆಗ್ಬೇಕು. ಅದನ್ನ ಮುಟ್ಟಬ್ಯಾಡ್ರಿ” ಎಂದು ಆಕೆ ಒಳಗೆ ಹೋದಳು.

ಚನ್ನವೀರಪ್ಪ ಮುಟ್ಟಬಾರದೆಂದೇ ಇದ್ದ. ಆದರೆ ಅಭ್ಯಾಸ ಅನ್ನುವುದೊಂದಿದೆಯಲ್ಲ! ಆ ಓಣಿಯ ಯಾವ ಮನೆಯಲ್ಲೂ ಗಡಿಯಾರ ಸರಿಯಾದ ಟೈಮು ತೋರಿಸುವುದಿಲ್ಲ. ತಡವಾಗಬಾರದೆಂದು ಎಲ್ಲರೂ ಹತ್ತು ನಿಮಿಷ ಮುಂದಿಡುತ್ತಾರೆ. ಮುಂದಿಟ್ಟದ್ದು ಎಲ್ಲರಿಗೂ ಗೊತ್ತಿರುವುದರಿಂದ ಮನಸ್ಸಿನಲ್ಲೇ ಹತ್ತು ಕಳೆದುಕೊಂಡು ನಿಧಾನವಾಗಿ ಹೊರಟು, ಕೊನೆಗೆ ಎಲ್ಲಿಗೂ ತಡವಾಗಿಯೇ ಹೋಗುತ್ತಾರೆ. ಚನ್ನವೀರಪ್ಪನ ಬೆರಳು ತಾನಾಗಿಯೇ ಚಾವಿ ಕೊಡುವ ಗುಂಡಿಯನ್ನು ಎಳೆಯಿತು, ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಳ್ಳಿತು, ಗುಂಡಿಯನ್ನು ಒಳಕ್ಕೆ ಒತ್ತಿತು.

ವಾಚು ಒಮ್ಮೆ ‘ಗುಂಯ್’ ಎಂದಿತು. ಗೋಡೆಯ ಮೇಲಿನ ಕ್ಯಾಲೆಂಡರು ಗಾಳಿಯಿಲ್ಲದೆ ಅಲುಗಿತು.

“ಆ... ಆ... ಆಕ್ಷೀ!”

ಚನ್ನವೀರಪ್ಪ ಸೀನಿದ. ಒಳಗಿನಿಂದ ನೀಲಮ್ಮನೂ ಸೀನಿದಳು. ಇಬ್ಬರೂ ಕೆಮ್ಮಿದರು. ಕಣ್ಣಲ್ಲಿ ದಳದಳ ನೀರು!

“ಏನೇ ಅದು, ಮೆಣಸಿನಕಾಯಿ ಒಗ್ಗರಣೆನಾ? ಹೇಳಿ ಹಾಕಾಕ ಬರಂಗಿಲ್ಲೇನು?”

“ಎಲ್ಲಿ ಒಗ್ಗರಣಿರೀ? ಒಲಿ ಇನ್ನೂ ಹಚ್ಚೇ ಇಲ್ಲ!”

ಇಬ್ಬರೂ ಮುಖ ಮುಖ ನೋಡಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ನೀಲಮ್ಮ ಒಲೆ ಹಚ್ಚಿ, ಎಣ್ಣೆ ಕಾಸಿ, ಹೋಳಿಗೆ ಸಾರಿಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿದಳು. ಮನೆ ತುಂಬ ಘಾಟು. ಬೀದಿ ನಾಯಿ ಸೀನಿಕೊಂಡು ಓಡಿತು. ಗಂಡ ಹೆಂಡತಿ ಮಾತ್ರ ಹೊಗೆಯ ನಡುವೆ ಗುಡಿ ಬಾಗಿಲ ದ್ವಾರಪಾಲಕರ ಹಾಗೆ ಕಣ್ಣೂ ಮಿಟುಕಿಸದೆ ನಿಂತಿದ್ದರು!

“ಇದೇನೋ ಸರಿ ಇಲ್ಲ” ಎಂದಳು ನೀಲಮ್ಮ. ಅಂದವಳೇ ಸಟ್ಟುಗ ಎತ್ತಿಕೊಂಡು ಗಂಡನ ಕಡೆ ತಿರುಗಿದಳು. ಮುಖ ಕೆಂಪಗಾಗಿತ್ತು. “ನನಗ ಸಿಟ್ಟು ಬಂದೈತಿ! ನಿಮ್ಮ ಮ್ಯಾಲೆ!”

“ನಾನೇನಂದೆ?”

“ಗೊತ್ತಿಲ್ಲ! ಆದ್ರ ಭಾಳ ಕೆಟ್ಟದ್ದು ಅಂದೀರಿ!”

“ಬಾಯೇ ಬಿಟ್ಟಿಲ್ಲಲ್ಲೇ!”

“ಈಗ ಬಿಟ್ಟಿಲ್ಲ. ಆಮೇಲೆ ಬಿಡ್ತೀರಿ!”

ಚನ್ನವೀರಪ್ಪ ತುಟಿ ಬಿಗಿದು ಮೂಲೆಯಲ್ಲಿ ಕೂತ. ಏನೇ ಆದರೂ ಮಾತಾಡಬಾರದೆಂದು ನಿಶ್ಚಯಿಸಿದ. ಬಹಳ ಹೊತ್ತು ತಡೆದ. ನೀಲಮ್ಮ ಹೂರಣದ ಪಾತ್ರೆ ಎತ್ತಿಕೊಂಡು ಮುಂದೆ ಹೋದಾಗ ಮಾತ್ರ ತಡೆಯಲಾಗಲಿಲ್ಲ. “ಇಷ್ಟು ಹೂರಣ ನಿನ್ನ ತಂಗಿ ಗಂಡಗ ಸಾಲ್ತೈತೇನು? ನಿಮ್ಮ ತವರಿನೋರ ಹೊಟ್ಟಿ ಹೊಟ್ಟಿಯಲ್ಲ, ಗೋಣಿಚೀಲ!”

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ನೀಲಮ್ಮ ಶಾಂತವಾಗಿ ತಲೆಯಾಡಿಸಿದಳು. “ಓಹೋ, ಇದಕ್ಕಾ ಆಗ ಸಿಟ್ಟು ಬಂದಿದ್ದು! ಬಿಡ್ರಿ, ಅದು ಆಗ್ಲೇ ಮುಗೀತು.”

ಅಷ್ಟರಲ್ಲಿ ಪಕ್ಕದ ಮನೆಯ ಜೈನಾಬಿ ಬಟ್ಟಲು ಹಿಡಿದು ಹೊಸಿಲು ದಾಟಿದಳು. ದಾಟಿದ್ದೇ ತಡ, “ಸಾಕು ಸಾಕು ನೀಲಕ್ಕ, ಇಷ್ಟು ಸಕ್ಕರಿ ಯಾಕ! ನಿನ್ನ ಉಪಕಾರ ಮರೆಯಂಗಿಲ್ಲ!” ಎಂದು ಕೈಮುಗಿದಳು. ಮುಗಿದ ಕೈಯನ್ನೂ ಖಾಲಿ ಬಟ್ಟಲನ್ನೂ ನೋಡಿ ತಾನೇ ದಂಗಾದಳು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಬೀದಿಗಿಳಿದಳು. “ಇಲ್ಲಿ ನಾನು ಸರಿ ಇದೀನಿ.” ಮತ್ತೆ ಹೊಸಿಲು ದಾಟಿದಳು. “ಸಾಕು ಸಾಕು ನೀಲಕ್ಕ!” ಮತ್ತೆ ಇಳಿದಳು. “ಯಾ ಅಲ್ಲಾ! ನಿಮ್ಮ ಮನಿಯಾಗ ಕೊಡೋದಕ್ಕಿಂತ ಮೊದ್ಲೇ ಬಾಯಿ ಥ್ಯಾಂಕ್ಸ್ ಹೇಳ್ತೈತಲ್ಲ!”

ನೀಲಮ್ಮನ ಕಣ್ಣು ಹೊಳೆಯಿತು. ಓಡಿಹೋಗಿ ವಾಚು ನೋಡಿದಳು.

“ಮುಟ್ಟಿದ್ರಾ?”

“ಸ್ವಲ್ಪ.”

“ಎಷ್ಟು?”

“ಹತ್ತು ನಿಮಿಷ. ದಿನಾ ಇಡೋದೇ ಅಲ್ಲೇನು!”

ನೀಲಮ್ಮ ಬೈಯಲಿಲ್ಲ. ತಲೆ ಮೇಲೆ ಕೈಹೊತ್ತು ಕೂತು ನಗತೊಡಗಿದಳು. “ಅಯ್ಯೋ ನಮ್ಮಪ್ಪಾ! ಬೇರೆ ವಾಚೆಲ್ಲ ಕಾಲದ ಬೆನ್ನು ಹತ್ತಿ ಓಡ್ತಾವ. ನಮ್ಮ ವಾಚು ಕಾಲಾನೇ ಕಿವಿ ಹಿಡಿದು ಎಳಕೊಂಡು ಹೊಂಟೈತಿ! ಇದರ ಟಿಕ್ ಟಿಕ್ ಎಲ್ಲೀತನಕ ಕೇಳ್ತೈತೋ ಅಲ್ಲೀತನಕ ಎಲ್ಲಾ ಹತ್ತು ನಿಮಿಷ ಮುಂದ. ಆಗೋದು ಮೊದ್ಲು, ಅದಕ್ಕೆ ಕಾರಣ ಆಮೇಲೆ!”

ಚನ್ನವೀರಪ್ಪ ಬೆರಗಾಗಿ ಹೆಂಡತಿಯನ್ನು ನೋಡಿದ. ಹೆದರಬೇಕಾದ ಹೊತ್ತಿನಲ್ಲಿ ಎದೆ ಹೆಮ್ಮೆಯಿಂದ ಉಬ್ಬಿತು. ಆಮೇಲೆ ಮಾವನ ನೆನಪಾಗಿ ಇಳಿಯಿತು. “ಹಿಂದಕ್ಕ ತಿರುವು ಮತ್ತ!”

“ತಿರುವಿ ಆ ಸ್ಪ್ರಿಂಗು ತುಂಡಾತು ಅಂದ್ರ? ಕೂದಲೆಳಿ ಐತಿ ಅದು. ಚಾವಿ ಮುಗಿದು ತಾನೇ ನಿಂತ ಮ್ಯಾಲೆ ನೋಡ್ಬೇಕು. ನಾಳೆ ಮುಂಜಾನಿಗೆ ನಿಂತೀತು.”

“ನಾಳೆ! ನಿಮ್ಮಪ್ಪ ಬರೋದು ಇವತ್ತು!”

ಹೊರಗೆ ಆಟೋ ನಿಂತ ಸದ್ದಾಯಿತು.

ಮುರಿಗೆಪ್ಪ ಹೊಸಿಲು ದಾಟುವಾಗಲೇ ಕೆಂಡದಂತಿದ್ದ. “ನಾಚಿಕಿ ಆಗ್ಬೇಕು! ನಾಚಿಕಿ!” ಎಂದು ಗುಡುಗಿ, ಯಾರ ಮೇಲೆ ಗುಡುಗಿದೆ ಎಂದು ಗೊತ್ತಾಗದೆ ಸುತ್ತ ನೋಡಿ, ಕೊನೆಗೆ ಬಾಗಿಲ ಚೌಕಟ್ಟಿಗೆ ಎರಡು ಮಾತು ಬೈದ. ಹಿಂದೆಯೇ ಬಂದ ಪಂಪಾಪತಿಯ ಕೈಯಲ್ಲಿ ಮಖಮಲ್ಲಿನ ಸಣ್ಣ ಪೆಟ್ಟಿಗೆ. ವಾಚನ್ನು ಒಯ್ಯಲು ಖಾಲಿ ಪೆಟ್ಟಿಗೆಯನ್ನೂ ತಂದಿದ್ದ, ಪುಣ್ಯಾತ್ಮ!

“ಬರ್ರಿ ಪಂಪಾಪತಿಯೋರೆ, ಕುಂದರ್ರಿ. ಎಲಿ ಹಾಕ್ತೀನಿ” ಎಂದಳು ನೀಲಮ್ಮ.

ಪಂಪಾಪತಿ ಕೂತವನೇ ಉದ್ದಕ್ಕೆ ತೇಗಿದ. ಪ್ಯಾಂಟಿನ ಬೆಲ್ಟು ಸಡಿಲಿಸಿದ. “ಅಬ್ಬಬ್ಬಾ! ಸಾಕ್ರೀ ಅಕ್ಕಾರೆ! ಇನ್ನೊಂದು ಹೋಳಿಗಿ ಹಾಕಿದ್ರೆ ಸಿಡೀತೀನಿ!”

“ಇನ್ನೂ ಎಲೀನೇ ಹಾಕಿಲ್ಲಲ್ಲಪ್ಪ!” ಎಂದ ಚನ್ನವೀರಪ್ಪ. ಎಲೆ ಹಾಕಿದ ಮೇಲೆ ಪಂಪಾಪತಿ ಕಂಗಾಲಾದ. ಒಂದಾದ ಮೇಲೊಂದು ಹೋಳಿಗೆ ಇಳಿಯುತ್ತಿದೆ, ತುಂಬಿದ ಅನುಭವವೇ ಇಲ್ಲ. ಹೊಟ್ಟೆ ತುಂಬಿದ ಸುಖವೆಲ್ಲ ಮೊದಲೇ ಖರ್ಚಾಗಿ ಹೋಗಿತ್ತು! ಅವನು ನಿಲ್ಲಿಸುವುದು ಎಲ್ಲಿ ಎಂದು ತಿಳಿಯದೆ ತಿನ್ನುತ್ತಲೇ ಹೋದ.

ಮುರಿಗೆಪ್ಪ ಎಲೆಯ ಮುಂದೆ ಕೂರಲಿಲ್ಲ. “ಮೊದ್ಲು ವಾಚು” ಎಂದ.

ಚನ್ನವೀರಪ್ಪ ತಂದುಕೊಟ್ಟ. ಮಾವ ತನ್ನ ಕೈಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟ. ತಂದ ವಾಚು ಹತ್ತು ನಿಮಿಷ ಮುಂದಿತ್ತು. ಮಾವನ ಕೈಗಡಿಯಾರ ಮುಂದೆ ಓಡಲಿಲ್ಲವೇ ಎಂದರೆ, ಇಲ್ಲ. ಅದು ಮುರಿಗೆಪ್ಪನ ಗಡಿಯಾರ. ಕಾಲವೇ ಬಂದು ಎಳೆದರೂ ಅವನನ್ನು ಕೇಳದೆ ಅಲುಗುವಂಥದ್ದಲ್ಲ!

ಮಾವ ಈಗ ಗುಡುಗಬೇಕಿತ್ತು. ಆದರೆ ಗುಡುಗು ಬಾಗಿಲಲ್ಲೇ ಮುಗಿದಿತ್ತು. ತಣ್ಣಗೆ ಅಂದ. “ನೀಲಾ, ವಾಚು ನಡೀತೈತಿ. ತಪ್ಪು ನಡೀತೈತಿ. ತಪ್ಪು ನಡೆಯೋದಕ್ಕಿಂತ ನಿಲ್ಲೋದು ವಾಸಿ. ನಿಂಗ ಆಗದ ಕೆಲ್ಸಕ್ಕೆ ಯಾಕ ಕೈ ಹಾಕಿದಿ? ಪಂಪಾಪತಿ, ಪೆಟ್ಟಿಗಿ ತೆಗಿ.”

ಭೂತಗನ್ನಡಿ ಒತ್ತಿ ಒತ್ತಿ ನೀಲಮ್ಮನ ಕಣ್ಣಿನ ಸುತ್ತ ಬಿದ್ದಿದ್ದ ಗುಂಡನೆಯ ಗುರುತು ಇನ್ನೂ ಹೋಗಿರಲಿಲ್ಲ. ಅದನ್ನು ನೋಡಿದ ಚನ್ನವೀರಪ್ಪನಿಗೆ ವಾಚಿನ ಆಸೆ ಅಲ್ಲಿಗೆ ಬಿಟ್ಟುಹೋಯಿತು.

“ಮಾವಾ, ಪೆಟ್ಟಿಗಿಗೆ ಬೇಕಾದ್ರ ಹಾಕ್ಕೊಂಡು ಹೋಗ್ರಿ. ಆದ್ರ ಅಕೀಗೆ ಆಗಿಲ್ಲ ಅನ್ನಬ್ಯಾಡ್ರಿ. ಅಕಿ ಸರಿಯಾಗೇ ಇಟ್ಟಿದ್ಲು. ಹತ್ತು ನಿಮಿಷ ಮುಂದ ಇಟ್ಟಾಂವ ನಾನು.”

ಪಂಪಾಪತಿ ಅಗಿಯುವುದು ಮಾತ್ರ ಕೇಳುತ್ತಿತ್ತು. ಆಗ, ಇದ್ದಕ್ಕಿದ್ದ ಹಾಗೆ ಮುರಿಗೆಪ್ಪನ ಬಾಯಿ ತೆರೆಯಿತು.

“ಶಭಾಷ್ ಮಗಳೇ! ಶಭಾಷ್! ನಿನ್ನಂಥಾಕಿ ಇನ್ನೊಬ್ಬಾಕಿ ಇಲ್ಲ!”

ಪಂಪಾಪತಿಯ ಕೈಯಿಂದ ಹೋಳಿಗೆ ಜಾರಿತು. ಮಿಲ್ಲಿನ ಜನ ಆ ಮುದುಕನ ಬಾಯಿಂದ ಕೇಳಿದ ಅತ್ಯಂತ ದೊಡ್ಡ ಹೊಗಳಿಕೆ ಎಂದರೆ ‘ಹೂಂ’.

“ಯಾರಂದಿದ್ದು?” ಎಂದ ಮುರಿಗೆಪ್ಪ, ಬಾಯಿ ಮುಟ್ಟಿ ನೋಡಿಕೊಳ್ಳುತ್ತ.

“ನೀವೇ ಅಪ್ಪಾಜಿ” ಎಂದಳು ನೀಲಮ್ಮ. ಇದ್ದದ್ದನ್ನು ಇದ್ದ ಹಾಗೆ ವಿವರಿಸಿದಳು. “ಈಗ ಹೊಗಳಿಕಿ ಬಂದೈತಿ ಅಂದ್ರ ಕಾರಣ ಇನ್ನು ಹತ್ತು ನಿಮಿಷಕ್ಕ ಬರ್ತೈತಿ. ಕಾಯ್ರಿ.”

“ಬರ್ದಿದ್ರ?”

“ಬರ್ದಿದ್ರ ನೀವು ಸುಳ್ಳು ಹೇಳ್ದಂಗಾತು.”

ಮುರಿಗೆಪ್ಪ ಸುಳ್ಳು ಹೇಳುವ ಜಾತಿಯವನಲ್ಲ. ಎರಡು ವಾಚುಗಳನ್ನೂ ಎದುರಿಗಿಟ್ಟುಕೊಂಡು ಕೂತುಬಿಟ್ಟ. ಚನ್ನವೀರಪ್ಪ ಬಾಗಿಲ ಮರೆಯಲ್ಲಿ ನಿಂತು ಎಲ್ಲ ದೇವರನ್ನೂ ಬೇಡಿಕೊಂಡ. ಪಂಪಾಪತಿ ಮೆತ್ತಗೆ, “ಮಾವಾ, ಬಿಸಿಲೇರ್ತೈತಿ, ಹೊರಡೋಣು” ಎಂದ. “ಸುಮ್ನ ಕುಂದ್ರು!” ಎಂದ ಮಾವ.

ನೀಲಮ್ಮ ವಾಚಿನ ಬೆನ್ನಿನ ಮುಚ್ಚಳ ಬಿಚ್ಚಿ, ಭೂತಗನ್ನಡಿಯನ್ನು ಅಪ್ಪನ ಕಣ್ಣಿಗೆ ಸಿಕ್ಕಿಸಿದಳು. ಮುರಿಗೆಪ್ಪ ಬಗ್ಗಿ ನೋಡಿದ. ಹಿತ್ತಾಳೆಯ ಗಾಲಿಗಳು ಒಂದರ ಹಲ್ಲಿಗೆ ಇನ್ನೊಂದು ಹಲ್ಲು ಕೊಟ್ಟು ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು. ನಡುವೆ ಆ ರೇಡಿಯೋ ತಂತಿಯ ಸುರುಳಿ ಮಲಗಿದ ಕೂಸಿನ ಎದೆಯಂತೆ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಎಲ್ಲೂ ಒಂದು ಎಳೆ ದೂಳಿಲ್ಲ. ಎಣ್ಣೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮುದುಕ ನೋಡುತ್ತಲೇ ಇದ್ದ. ಆಮೇಲೆ ತಲೆಯೆತ್ತಿ ಎರಡು ವಾಚುಗಳ ಮುಳ್ಳುಗಳನ್ನು ಹೋಲಿಸಿದ.

“ಆಗಲೂ ಹತ್ತು ನಿಮಿಷ ಮುಂದಿತ್ತು” ಎಂದ ನಿಧಾನವಾಗಿ. “ಈಗಲೂ ಹತ್ತೇ. ಒಂದು ಕೂದಲೆಳಿ ಆಕಡಿಲ್ಲ, ಈಕಡಿಲ್ಲ. ನಾ ಸೈರನ್ ಊದಿದ್ರ ಬರೀ ಜನ ಓಡ್ತಿದ್ರು. ನನ್ನ ಮಗಳು ಕಾಲಾನೇ ಓಡಿಸ್ಯಾಳ!”

ಹೊಗಳಲು ಬಾಯಿ ತೆರೆದ. ಏನೂ ಬರಲಿಲ್ಲ. ಬರಬೇಕಾದದ್ದು ಹತ್ತು ನಿಮಿಷ ಮೊದಲೇ ಬಂದು ಹೋಗಿತ್ತು! ತೆರೆದ ಬಾಯಿ ಮುಚ್ಚಿ, ಮಗಳ ಎಡಗೈಯನ್ನು ಎಳೆದುಕೊಂಡ.

“ಅವತ್ತು ಇದನ್ನ ಗಂಡಿನ ಕೈಗೆ ಕಟ್ಟೋದು ಪದ್ಧತಿ ಅಂತ ಕಟ್ಟಿದೆ. ಇವತ್ತು ಕಟ್ಟಬೇಕಾದ ಕೈಗೆ ಕಟ್ತೀನಿ. ಏನಂತೀರಿ ಅಳಿಯಂದ್ರೆ?”

“ಕಟ್ರಿ ಮಾವಾ. ನನಗ ಕಾಣೋ ಜಾಗದಾಗೇ ಇರ್ತೈತಲ್ಲ!” ಎಂದ ಚನ್ನವೀರಪ್ಪ. ಬಾಯಿಮಾತಿಗೆ ಅಂದದ್ದಲ್ಲ. ಪಂಪಾಪತಿ ಖಾಲಿ ಪೆಟ್ಟಿಗೆಯನ್ನು ಸದ್ದಾಗದಂತೆ ಮುಚ್ಚಿದ.

“ಆದ್ರ ತಪ್ಪು ಟೈಮಿನ ವಾಚು ನನ್ನ ಮಗಳ ಕೈಗೆ ಕಟ್ಟಂಗಿಲ್ಲ!” ಎಂದ ಮುರಿಗೆಪ್ಪ. “ಅಪ್ಪಾಜಿ ಬ್ಯಾಡ!” ಎಂದು ನೀಲಮ್ಮ ಕೂಗುವುದರೊಳಗೆ ಗುಂಡಿ ಎಳೆದು, ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುವಿಯೇಬಿಟ್ಟ!

ಸ್ಪ್ರಿಂಗು ತುಂಡಾಗಲಿಲ್ಲ. ಏಳು ಸೀಟಿ ಬೆಂದ ಸ್ಪ್ರಿಂಗು ಅದು! ಬದಲಿಗೆ ಟಿಕ್ ಟಿಕ್ ಸದ್ದು ನಿಂತಿತು. ಮುಳ್ಳು ಓಡುತ್ತಿತ್ತು, ಸದ್ದಿಲ್ಲ. ಮುದುಕ ಬೆನ್ನಿನ ಮುಚ್ಚಳ ಒತ್ತಿ ಅದನ್ನು ಮಗಳ ಕೈಗೆ ಕಟ್ಟಿದ. ನೀಲಮ್ಮನ ಕೈಯಿಂದ ಹಿತ್ತಾಳೆ ಸಟ್ಟುಗ ನೆಲಕ್ಕೆ ಬಿತ್ತು. ಸದ್ದಿಲ್ಲ! ಪಂಪಾಪತಿ ಏನೋ ಕೂಗಿದ. ತುಟಿ ಆಡಿತು, ಅಷ್ಟೇ. ಮುಂಗಡವಾಗಿ ಹತ್ತು ನಿಮಿಷ ಬಳಸಿಕೊಂಡ ಮನೆಗೆ ಈಗ ಹತ್ತು ನಿಮಿಷ ಸದ್ದೇ ಉಳಿದಿರಲಿಲ್ಲ. ಮಾತಾಡಿದರೆ ಕೇಳುವುದಿಲ್ಲ, ಬಡಿದರೆ ಸದ್ದಾಗುವುದಿಲ್ಲ.

ಎಲ್ಲರೂ ಗಾಬರಿಯಾದರು. ಚನ್ನವೀರಪ್ಪನಿಗೆ ಮಾತ್ರ ಮೆಲ್ಲಗೆ ಒಂದು ವಿಷಯ ಹೊಳೆಯಿತು. ಈಗ ಏನಂದರೂ ಯಾರಿಗೂ ಕೇಳುವುದಿಲ್ಲ!

ಮಾವನ ಎದುರಿಗೆ ಹೋಗಿ ಕೈಕಟ್ಟಿ ನಿಂತ. ಬಹಳ ವಿನಯದಿಂದ ನಿಂತ. ಮದುವೆಯ ದಿನ ಬಸ್ಸು ಪಂಕ್ಚರ್ ಆಗಿ ದಿಬ್ಬಣ ತಡವಾದದ್ದಕ್ಕೆ ತನ್ನನ್ನು ಚಪ್ಪರದ ಹೊರಗೆ ನಿಲ್ಲಿಸಿದ್ದರಿಂದ ಶುರುಮಾಡಿದ. ಹಬ್ಬಕ್ಕೆ ಹೋದಾಗಲೆಲ್ಲ ಬಾಗಿಲಲ್ಲಿ ಟೈಮು ಕೇಳಿ ಒಳಗೆ ಬಿಟ್ಟದ್ದು, ಕಿರಿಯ ಅಳಿಯನಿಗೆ ಕೆನೆ ಹಾಲು ಕೊಟ್ಟು ತನಗೆ ತಣ್ಣಗಿನ ಚಹಾ ಕೊಟ್ಟದ್ದು, ಪಂಪಾಪತಿಯ ಮಗಳಿಗೆ ಹೆಸರಿಡುವ ದಿನ ಎಲ್ಲರ ಮುಂದೆ ‘ಈ ಡ್ರೈವರು’ ಎಂದದ್ದು, ಒಂದನ್ನೂ ಬಿಡಲಿಲ್ಲ. ಮಾವ, ಅಳಿಯ ಏನೋ ಕೃತಜ್ಞತೆ ಹೇಳುತ್ತಿದ್ದಾನೆಂದುಕೊಂಡು ತಲೆದೂಗುತ್ತಿದ್ದ! ಹೇಳುತ್ತ ಹೇಳುತ್ತ ಚನ್ನವೀರಪ್ಪನ ಎದೆ ಹಗುರಾಯಿತು. ಹಗುರಾದ ಮೇಲೆ ಎದುರಿಗಿದ್ದ ಮುದುಕನ ಮೇಲೂ ಪ್ರೀತಿ ಬಂತು. ಹೆಂಡತಿಯ ಕೈಯಲ್ಲಿ ಹೊಳೆಯುತ್ತಿದ್ದ ವಾಚನ್ನು ನೋಡಿ ಕೊನೆಯ ಮಾತು ಅಂದ.

“ಏನಾದ್ರೂ ಆಗ್ಲಿ, ಇಂಥಾ ಮಗಳನ್ನ ಹೆತ್ತಾನಲ್ಲ, ಅದೊಂದಕ್ಕ ಕೈ ಮುಗೀಬೇಕು ಈ... ಹಠಮಾರಿ ಮುದುಕಗ!”

‘ಈ’ ಎಂಬಲ್ಲಿಗೆ ಹತ್ತು ನಿಮಿಷ ಮುಗಿದಿತ್ತು. ಟಿಕ್ ಟಿಕ್ ಸದ್ದು ಮರಳಿತ್ತು. ‘ಹಠಮಾರಿ ಮುದುಕಗ’ ಎಂಬುದು ಗೋಡೆಗೆ ಬಡಿದು, ಬೀದಿಗೆ ಹೋಗಿ, ಜೈನಾಬಿಯ ಮನೆಯವರೆಗೂ ಕೇಳಿತು.

ಮು​ರಿಗೆಪ್ಪ ತಲೆದೂಗುವುದನ್ನು ನಿಲ್ಲಿಸಿದ. “ಏನಂದ್ರಿ ಅಳಿಯಂದ್ರೆ?”

ಚನ್ನವೀರಪ್ಪ ಹೆಂಡತಿಯ ಕಡೆ ನೋಡಿದ. ಗಂಡನ ತುಟಿಯನ್ನು ಇಷ್ಟು ವರ್ಷ ನೋಡಿದ ನೀಲಮ್ಮನಿಗೆ ಒಂದಕ್ಷರವೂ ತಪ್ಪಿರಲಿಲ್ಲ. ಬಿದ್ದ ಸಟ್ಟುಗ ಎತ್ತಿಕೊಳ್ಳುತ್ತ ಆಕೆ ಮೆಲ್ಲಗೆ ಅಂದಳು:

“ಬೈದಿದ್ದೆಲ್ಲಾ ದಕ್ಕಿತ್ತಲ್ರೀ! ಹೊಗಳಾಕ ಯಾಕ ಹೋದ್ರಿ?”